ತಾಯಿಮರದ ಬುಡದ ಮಣ್ಣು

ಪರಮಪೂಜ್ಯ ಶ್ರೀ ಅನಂತಾಂಬಾ ಮಾತೆಯವರು ಆ ವರ್ಷಗಳಲ್ಲಿ ಘಟ್ಟದ ಇಳಿಜಾರಿನಲ್ಲಿ, ಮುಂದಕ್ಕೆ ಚಾಚಿದ ಒಂದು ಹೆಬ್ಬಂಡೆಯ ಕೆಳಗೆ ವಾಸವಾಗಿದ್ದರು. ಗಾಳಿಗೆ ಅಡ್ಡವಾಗಿ ಒಂದು ಸೋಗೆಯ ತಟ್ಟಿ, ಮಲಗಲು ಚಾಪೆ, ನೀರಿಗೆ ಒಂದು ಮಣ್ಣಿನ ಕೊಡ, ಇಷ್ಟೇ ಅವರ ಆಶ್ರಮ. ಎದುರಿನ ಗುಡ್ಡದ ತುಂಬ ಹಿಂದೆ ಧೂಪದ ಮರಗಳಿದ್ದವು. ಹಲಗೆಯ ವ್ಯಾಪಾರಿಗಳು ಅವನ್ನೆಲ್ಲ ಕಡಿದು ಸಾಗಿಸಿಬಿಟ್ಟಿದ್ದರು. ದೇವರ ಮುಂದೆ ಕೆಂಡದ ಮೇಲೆ ಹಾಕುವ ಪರಿಮಳದ ಅಂಟು ಇದೇ ಮರದ್ದು. ಬೋಳಾದ ಗುಡ್ಡ ಮತ್ತೆ ಧೂಪದ ಕಾಡಾಗಬೇಕೆಂಬುದು ಅಮ್ಮನವರ ಸಂಕಲ್ಪವಾಗಿತ್ತು. ಬಂಡೆಯ ಪಕ್ಕದಲ್ಲಿ ಹೇಗೋ ಉಳಿದಿದ್ದ ಒಂದು ದೊಡ್ಡ ತಾಯಿಮರದ ಬೀಜಗಳನ್ನು ಆಯ್ದು, ಅದರ ಬುಡದ ಮಣ್ಣನ್ನೇ ತಂದು ಹಾಸಿ, ಅವರು ಸಸಿಗಳನ್ನು ಎಬ್ಬಿಸಿದ್ದರು. ಅವರ ಸೇವೆಗೆ ಇದ್ದವರು ಕೆಳಗಿನ ಹಳ್ಳಿಯ ದುಗ್ಗಮ್ಮ ಒಬ್ಬರೇ.

ಅಲ್ಲಿಗೆ ಒಂದು ಶ್ರಾವಣದಲ್ಲಿ ಕಾಂಪೌಂಡರ್ ಅಂದಾನಪ್ಪನವರು ಬಂದರು.

ಅವರು ಗದಗಿನ ಕಡೆಯವರು, ಸರಕಾರಿ ದವಾಖಾನೆಯಲ್ಲಿ ಔಷಧ ಬೆರೆಸಿ ಕೊಡುವ ಕೆಲಸದಲ್ಲಿದ್ದವರು. ಪ್ಲೇಗು ಬಂದ ವರ್ಷ ಊರ ಜನವೆಲ್ಲ ಹೊರಗೆ ಹೊಲದಲ್ಲಿ ಜೋಪಡಿ ಹಾಕಿಕೊಂಡಿದ್ದಾಗ ಅಂದಾನಪ್ಪನವರು ರೋಗಿಗಳ ಜೋಪಡಿಯಿಂದ ಜೋಪಡಿಗೆ ಓಡಾಡಿದ್ದರು. ಒಂದು ಸಂಜೆ ಅಂಗಿ ಬದಲಿಸುವ ಮೊದಲೇ ಪುಟ್ಟ ಮಗಳು ಪಾರವ್ವ ಓಡಿ ಬಂದಳು. ಅವಳನ್ನು ಎತ್ತಿಕೊಂಡರು. ಆ ವಾರವೇ ಮಗು ತೀರಿಹೋಯಿತು. ಅದರ ಹಿಂದೆಯೇ ಹೆಂಡತಿ ಮಲ್ಲವ್ವನಿಗೂ ಜ್ವರ ಏರಿತು. ಆಗ ಅಂದಾನಪ್ಪನವರು ಹೆದರಿದರು. ಜೋಪಡಿಯ ಒಳಗೆ ಕಾಲಿಡಲಿಲ್ಲ. ನೀರಿನ ತಂಬಿಗೆಯನ್ನು ಹೊಸ್ತಿಲ ಹೊರಗಿನಿಂದಲೇ ಕೋಲಿನಲ್ಲಿ ಒಳಗೆ ದೂಡಿದರು. ಆಕೆ ಅದನ್ನು ಎತ್ತಿ ಕುಡಿಯಲಾರದೆ ಹಾಗೆಯೇ ಕಣ್ಣು ಮುಚ್ಚಿದರು.

ಅಂದಿನಿಂದ ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೆಲಸ ಬಿಟ್ಟರು. ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದರು. ಸಿಕ್ಕ ನೀರಿನಲ್ಲೆಲ್ಲ ಕೈ ತೊಳೆದರು. ತೊಳೆದೂ ತೊಳೆದೂ ಬೆರಳ ಸಂದಿಯ ಚರ್ಮ ಸುಲಿದು ಕೆಂಪಾಗಿತ್ತು. ಯಾರನ್ನೂ ಮುಟ್ಟರು, ಯಾರಿಂದಲೂ ಮುಟ್ಟಿಸಿಕೊಳ್ಳರು. ಚೀಲದಲ್ಲಿ ಸದಾ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಔಷಧದ ಸೀಸೆ.

ಅಮ್ಮನವರ ಎದುರಿಗೂ ದೂರದಲ್ಲೇ ನಿಂತು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. "ಅವ್ವಾ, ಎಲ್ಲಾ ದೇವರಿಗೂ ಕೇಳಿ ಆತು. ಕಾಲು ನಿಲ್ಲವಲ್ವು, ಮನಸೂ ನಿಲ್ಲವಲ್ದು. ಏನರ ಒಂದು ಮಂತ್ರ ಕೊಡ್ರಿ."

ಅಮ್ಮನವರು ಮಂತ್ರ ಕೊಡಲಿಲ್ಲ. ಸಮಾಧಾನದ ಮಾತನ್ನೂ ಆಡಲಿಲ್ಲ. "ಇಲ್ಲೇ ಇರು, ಅಪ್ಪಾ. ಸಸಿಗಳಿಗೆ ನೀರು ಹಾಕು" ಎಂದರು.

ಅಂದಾನಪ್ಪನವರು ಉಳಿದರು. ಆದರೆ ಅದು ಉಳಿಯುವಿಕೆ ಎನ್ನುವಂತಿರಲಿಲ್ಲ. ಬಂಡೆಯಿಂದ ತೊರೆಗೆ, ತೊರೆಯಿಂದ ಸಸಿಗಳ ಪಾತಿಗೆ, ಪಾತಿಯಿಂದ ಮತ್ತೆ ತೊರೆಗೆ ಹೊತ್ತು ಮುಳುಗುವ ತನಕ ನಡೆಯುತ್ತಲೇ ಇದ್ದರು. ಊಟವನ್ನೂ ನಿಂತೇ ಮಾಡುತ್ತಿದ್ದರು. "ಇವರನ್ನು ನೋಡುತ್ತಿದ್ದರೆ ನನಗೇ ತಲೆ ತಿರುಗುತ್ತದೆ" ಎಂದು ದುಗ್ಗಮ್ಮ ಗೊಣಗಿದಾಗ ಅಮ್ಮನವರು ನಕ್ಕರು.

ಅಷ್ಟರಲ್ಲಿ ತೊರೆಯಾಚೆಯ ಹಳ್ಳಿಯಲ್ಲಿ ವೃದ್ಧ ಭಕ್ತರೊಬ್ಬರು ಕೊನೆಯುಸಿರು ಎಳೆಯುತ್ತಿದ್ದಾರೆಂದು ಕರೆ ಬಂತು. ಅಮ್ಮನವರು ದುಗ್ಗಮ್ಮನನ್ನು ಕರೆದುಕೊಂಡು ಹೊರಟರು. ಹೋಗುವಾಗ, "ಸಸಿಗಳು ನಿನ್ನ ಪಾಲಿಗೆ" ಎಂದರು.

ಒಂಟಿಯಾದ ಅಂದಾನಪ್ಪನವರ ಚಡಪಡಿಕೆ ಇನ್ನೂ ಹೆಚ್ಚಿತು. ಏನಾದರೂ ಮಾಡಲೇಬೇಕೆನಿಸಿ ಪಾತಿಯ ಮಣ್ಣನ್ನು ಕೆದಕಿದರು. ಮಣ್ಣಿನ ತುಂಬ ಜೇಡನ ಬಲೆಯಂಥ ಬಿಳಿಯ ಎಳೆಗಳು! ಒಂದು ಸಸಿಯನ್ನು ಕಿತ್ತು ನೋಡಿದರೆ ಎಳೆಬೇರಿನ ತುದಿಗಳಿಗೂ ಅದೇ ಬಿಳಿ ಪೊರೆ ಹತ್ತಿಕೊಂಡಿತ್ತು. ಬೂಷ್ಟು! ಅಮ್ಮನವರು ಮಕ್ಕಳಂತೆ ಸಾಕಿದ ಸಸಿಗಳಿಗೆ ರೋಗ ಹತ್ತಿದೆ, ತಮ್ಮ ಕಣ್ಣೆದುರಿಗೇ ಹತ್ತಿದೆ ಎಂದುಕೊಂಡರು.

ಆಮೇಲೆ ಅವರು ತಡಮಾಡಲಿಲ್ಲ. ಸಸಿಗಳನ್ನೆಲ್ಲ ಒಂದೊಂದಾಗಿ ಎಬ್ಬಿಸಿ, ತೊರೆಯ ನೀರಿನಲ್ಲಿ ಬೇರು ತೊಳೆದು, ಬಿಳಿ ಪೊರೆಯನ್ನು ಬೆರಳಿನಿಂದ ಉಜ್ಜಿ ತೆಗೆದರು. ಪಾತಿಯ ಕಪ್ಪು ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ದೂರ ಚೆಲ್ಲಿದರು. ಗುಡ್ಡದ ಕೆಮ್ಮಣ್ಣನ್ನು ತಂದು ಜರಡಿ ಹಿಡಿದು, ಮಣ್ಣಿನ ಕೊಡದಲ್ಲೇ ನೀರು ಕುದಿಸಿ ಸುರಿದು, ಅದು ಆರಿದ ಮೇಲೆ ಕಾರ್ಬಾಲಿಕ್ ಬೆರೆಸಿದ ನೀರನ್ನೂ ಚಿಮುಕಿಸಿ, ಸಾಲು ಹಿಡಿದು ಮತ್ತೆ ನೆಟ್ಟರು. ಒಂದು ಕಸ ಇಲ್ಲ, ಒಂದು ಬಿಳಿ ಎಳೆ ಇಲ್ಲ. ಆ ಅಚ್ಚುಕಟ್ಟು ಕೆಂಪು ಪಾತಿಯ ಮುಂದೆ ಎಷ್ಟೋ ಕಾಲದ ಮೇಲೆ ಮೊದಲ ಬಾರಿಗೆ ಅವರು ನೆಲಕ್ಕೆ ಕುಳಿತರಂತೆ.

ಆ ಸುಖ ಬಹಳ ಉಳಿಯಲಿಲ್ಲ. ಭಕ್ತರ ಅಂತ್ಯಕ್ರಿಯೆ ಮುಗಿದರೂ ತೊರೆ ತುಂಬಿ ಹರಿಯುತ್ತಿದ್ದುದರಿಂದ ಅಮ್ಮನವರಿಗೆ ಕೂಡಲೇ ಮರಳಲಾಗಲಿಲ್ಲ. ಇತ್ತ ಸಸಿಗಳ ಎಲೆ ಹಳದಿಯಾಯಿತು. ಅಂಚು ಒಣಗಿತು. ಅಂದಾನಪ್ಪನವರು ನೀರು ಹೆಚ್ಚಿಸಿದರು, ಕಡಿಮೆ ಮಾಡಿದರು, ನೆರಳು ಕಟ್ಟಿದರು, ಅದನ್ನೂ ಕಿತ್ತು ಹಾಕಿದರು. ಒಂದೊಂದೇ ಸಸಿ ಬಾಗತೊಡಗಿತು. ತಾಯಿಮರದ ಅಡಿಯಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ, ಕೊಳೆತ ಎಲೆಗಳ ನಡುವೆ ತಾವಾಗಿಯೇ ಎದ್ದಿದ್ದ ಸಸಿಗಳು ಮಾತ್ರ ಹಸಿರಾಗಿ ನಿಂತಿದ್ದವು.

ತೊರೆ ಇಳಿದು ಅಮ್ಮನವರು ಬಂದಾಗ ಅಂದಾನಪ್ಪನವರು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ದುಗ್ಗಮ್ಮ ಪಾತಿಯನ್ನೂ ಮಸಿ ಹಿಡಿದ ಕೊಡವನ್ನೂ ನೋಡಿ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ರಾಯರೇ, ಇದೇನು ಮಾಡಿಟ್ಟಿರಿ! ಸಸಿಗೆ ನೀರು ಹಾಕಿ ಅಂದರೆ ಬಿಸಿನೀರು ಕಾಯಿಸಿ ಹುಯ್ದಿರಾ?"

ಅಂದಾನಪ್ಪನವರು ಎರಡೂ ಕೈಗಳನ್ನು ಮುಂದೆ ಚಾಚಿದರು. "ನೋಡ್ರಿ ಅವ್ವಾ, ಈ ಕೈ ಮುಟ್ಟಿದ್ದು ಯಾವುದೂ ಉಳಿಯೂದಿಲ್ಲ. ಮಗಳು ಹೋದಳು, ಈಗ ನಿಮ್ಮ ಸಸಿ. ನನ್ನ ಬಿಟ್ಟುಬಿಡ್ರಿ, ಮನಷ್ಯಾರು ಇಲ್ಲದ ಕಡೆ ಎಲ್ಲೆರ ಹೋಗಿ ಬೀಳ್ತೀನಿ."

ಅಮ್ಮನವರು ಒಂದು ಸಸಿಯನ್ನು ಮೆಲ್ಲಗೆ ಎತ್ತಿ ಅದರ ಬೋಳುಬೇರನ್ನು ನೋಡಿದರು. ಆ ಬೇರನ್ನು ಅಂದಾನಪ್ಪನವರ ಕಣ್ಣೆದುರು ಹಿಡಿದು ಹೇಳಿದರು:

"ಮುಟ್ಟಿದ್ದರಿಂದ ಇದು ಸಾಯುತ್ತಿಲ್ಲ, ಅಪ್ಪಾ. ಮುಟ್ಟಿಕೊಂಡಿದ್ದುದನ್ನು ಬಿಡಿಸಿದ್ದರಿಂದ ಸಾಯುತ್ತಿದೆ."

ಆ ಮಾತು ಸಸಿಯ ಬಗ್ಗೆ ಮಾತ್ರ ಹೇಳಿದ್ದೆಂದು ಅಂದಾನಪ್ಪನವರಿಗೆ ಅನಿಸಲಿಲ್ಲ. ಹೊಸ್ತಿಲಾಚೆ ಬಿದ್ದಿದ್ದ ಮಲ್ಲವ್ವ ಕಣ್ಣ ಮುಂದೆ ಬಂದು, ಅವರು ಹೆಗಲ ಚೀಲವನ್ನು ಕೆಳಗಿಳಿಸಿದರು.

ಅಮ್ಮನವರು ತಾಯಿಮರದ ಬುಡಕ್ಕೆ ಹೋಗಿ ತರಗೆಲೆ ಸರಿಸಿದರು. ಬೇರುಗಳ ಸುತ್ತ ಅದೇ ಬಿಳಿ ಎಳೆಗಳು ದಟ್ಟವಾಗಿ ಹೆಣೆದುಕೊಂಡಿದ್ದವು. ಆ ಎಳೆಗಳು ಶಿಲೀಂಧ್ರದವು. ಬೇರು ತಲುಪಲಾರದ ಕಡೆಗೂ ಅವು ಚಾಚಿಕೊಂಡು ನೀರನ್ನೂ ಮಣ್ಣಿನ ಸಾರವನ್ನೂ ತಂದು ಬೇರಿಗೆ ಕೊಡುತ್ತವೆ, ಮರ ತನ್ನ ಎಲೆಗಳಲ್ಲಿ ಮಾಡಿದ ಸಿಹಿಯಲ್ಲಿ ಅವಕ್ಕೆ ಪಾಲು ಕೊಡುತ್ತದೆ ಎಂದು ಕಾಡನ್ನು ಅಭ್ಯಾಸ ಮಾಡಿದವರು ಇಂದು ಹೇಳುತ್ತಾರೆ. ಅಮ್ಮನವರು ಅಂದು ಅಷ್ಟೆಲ್ಲ ಹೇಳಲಿಲ್ಲ. "ಈ ಮಣ್ಣು ತಂದು ಪಾತಿಗೆ ಹಾಕು. ಗುದ್ದಲಿ ಬೇಡ, ಕೈಯಲ್ಲೇ ತಾ" ಎಂದರು.

ಅಂದಾನಪ್ಪನವರು ಬುಡದವರೆಗೆ ಹೋದರು, ತಿರುಗಿ ಬಂದರು. ಮತ್ತೆ ಹೋದರು. ತೇವದ ಮಣ್ಣಿಗೆ ಬೆರಳು ತಾಕಿಸಿದೊಡನೆ ಕೈ ಹಿಂದಕ್ಕೆಳೆದುಕೊಂಡರು. ತೊರೆಗೆ ಓಡಿ ಕೈ ತೊಳೆದುಕೊಂಡು, ಅಪರಾಧಿಯಂತೆ ಅಮ್ಮನವರ ಮುಖ ನೋಡಿದರು.

"ತೊಳೆಯಬೇಡ ಎಂದೆನೇ? ತೊಳೆದುಕೋ. ತೊಳೆದು ಮತ್ತೆ ಬಾ."

ಹಾಗೆಯೇ ಆಯಿತು. ಒಂದು ಬೊಗಸೆ ಮಣ್ಣು, ತೊರೆಗೆ ಓಟ. ಮತ್ತೊಂದು ಬೊಗಸೆ, ಮತ್ತೆ ಓಟ. ಸಂಜೆಯ ಹೊತ್ತಿಗೆ ಓಟಗಳ ನಡುವಿನ ಬೊಗಸೆಗಳು ಹೆಚ್ಚಾದವು. ಕತ್ತಲಾಗುವ ಮೊದಲು ಪಾತಿ ಮತ್ತೆ ಕಪ್ಪಾಯಿತು. ಊಟಕ್ಕೆ ಕರೆದಾಗ ಅಂದಾನಪ್ಪನವರ ಉಗುರುಗಳಲ್ಲಿ ಮಣ್ಣಿತ್ತು, ಅದು ಅವರ ಗಮನಕ್ಕೇ ಬಂದಿರಲಿಲ್ಲ ಎಂದು ದುಗ್ಗಮ್ಮ ಹೇಳುತ್ತಿದ್ದರು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತೇ ಹೋದವು. ಒಂದೊಂದು ಸತ್ತಾಗಲೂ ಅಂದಾನಪ್ಪನವರು, "ನಾ ಹೊಂಟೆ ಅವ್ವಾ" ಎಂದು ಚೀಲ ಎತ್ತುತ್ತಿದ್ದರು. ಪ್ರತಿ ಬಾರಿಯೂ ಅಮ್ಮನವರು, "ನೀರು ಹಾಕಿ ಹೋಗು" ಎನ್ನುತ್ತಿದ್ದರು. ನೀರು ಹಾಕುವಷ್ಟರಲ್ಲಿ ಹೊರಡುವ ಮನಸ್ಸು ಸಡಿಲವಾಗುತ್ತಿತ್ತು. ಕೊನೆಗೆ ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ, ಸತ್ತಿತೆಂದೇ ಬಿಟ್ಟಿದ್ದ ಒಂದು ಸಸಿಯ ತುದಿಯಲ್ಲಿ ತಾಮ್ರದ ಬಣ್ಣದ ಎಳೆಚಿಗುರು ಕಂಡಿತು. ಪಕ್ಕದ್ದರಲ್ಲೂ ಇತ್ತು. ಅಂದಾನಪ್ಪನವರು ಮೊಣಕಾಲೂರಿ ಬಹಳ ಹೊತ್ತು ಅತ್ತರು. ಅಮ್ಮನವರು ಬಂದು ಅವರ ತಲೆಯ ಮೇಲೆ ಕೈ ಇಟ್ಟರು. ಪ್ಲೇಗಿನ ವರ್ಷದ ನಂತರ ಅವರನ್ನು ಇನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ಅವರು ತಪ್ಪಿಸಿಕೊಳ್ಳಲಿಲ್ಲ.

"ಅವ್ವಾ, ನನ್ನ ಪಾರವ್ವ?" ಎಂದು ಕೇಳಿದರು.

"ರೋಗ ಯಾವ ದಾರಿಯಲ್ಲಿ ಬಂತೋ ನನಗೆ ತಿಳಿಯದು, ಅಪ್ಪಾ. ಮಗು ಓಡಿ ಬಂದದ್ದು ನಿನ್ನ ತೋಳಿಗೆ. ನೀನು ಎತ್ತಿಕೊಂಡೆ. ಅಷ್ಟು ನಿಜ."

ಉಳಿದ ಸಸಿಗಳು ಮುಂದಿನ ಮಳೆಗಾಲದಲ್ಲಿ ತಾಯಿಮರದ ಮಣ್ಣಿನೊಂದಿಗೇ ಬೋಳುಗುಡ್ಡಕ್ಕೆ ಹೋದವು. ಅವು ಬೇರೂರಿದ ಮೇಲೆ ಘಟ್ಟದ ಹಳ್ಳಿಗಳಿಗೆ ವಿಷಮ ಜ್ವರ ಬಂತು. ಅಂದಾನಪ್ಪನವರು ಯಾರ ಅಪ್ಪಣೆಗೂ ಕಾಯದೆ ಇಳಿದು ಹೋದರು. ಪ್ರತಿ ಮನೆಯ ಮುಂದೆ ಕೈ ತೊಳೆದು ಒಳಗೆ ಹೋಗುವರು, ರೋಗಿಯ ತಲೆಯೆತ್ತಿ ಔಷಧ ಕುಡಿಸುವರು, ಹೊರಗೆ ಬಂದು ಮತ್ತೆ ತೊಳೆದುಕೊಂಡು ಮುಂದಿನ ಮನೆಗೆ ನಡೆಯುವರು. ಅವರ ಕಾಲುಗಳಿಗೆ ಕೊನೆಯವರೆಗೂ ನಿಲುಗಡೆ ಬರಲಿಲ್ಲ. ಆ ಕಾಲುಗಳಿಂದಾಗಿ ಎಷ್ಟೋ ಮನೆಗಳ ದೀಪ ಆರದೆ ಉಳಿಯಿತು.

ಹಲವು ವರ್ಷಗಳ ಮೇಲೆ ಅಮ್ಮನವರು ದೇಹ ಬಿಡುವ ಕಾಲ ಬಂತು. ಎಲ್ಲ ಕಡೆಗೂ ಸುದ್ದಿ ಹೋಯಿತು. ಭಕ್ತರೆಲ್ಲ ಸೇರಿದರು. ಅಂದಾನಪ್ಪನವರು ಮಾತ್ರ ಸಮಾಧಿಯ ಪೂಜೆ ಮುಗಿದು ಜನ ಚದುರುವಾಗ ಏದುಸಿರು ಬಿಡುತ್ತ ಬಂದರು. ದುಃಖದಲ್ಲಿದ್ದ ದುಗ್ಗಮ್ಮನಿಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮಗೆ ಜೀವ ಕೊಟ್ಟ ತಾಯಿ ಹೊರಟರೂ ಬರಲಿಕ್ಕಾಗಲಿಲ್ಲವೇ ರಾಯರೇ? ಎಲ್ಲಿ ನಿಂತಿರಿ?"

"ಕೆಳಗ ಕಾಡಮಂದಿ ಹಾಡ್ಯಾಗ ಒಂದು ಕೂಸಿಗೆ ಜ್ವರ ರೀ" ಎಂದರು ಅಂದಾನಪ್ಪನವರು. "ನನ್ನ ಬೆರಳು ಹಿಡಕೊಂಡು ಮಲಗಿತ್ತು. ಬಿಡಿಸಿಕೊಂಡು ಬರಾಕ ಆಗಲಿಲ್ಲ."

ದುಗ್ಗಮ್ಮ ಸಮಾಧಿಯ ಮುಂದೆ ತಮ್ಮ ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕುಳಿತರು.