ಎರಡು ಕ್ಯಾಮೆರಾ, ಒಂದು ಗೋಡೆ

“ಗುರುಗಳ, ಎರಡೂ ಸಣ್ಣ ಕ್ಯಾಮೆರಾನ. ಎರಡೂ ಕಿಸೆದಾಗ ಹಿಡಿತಾವು. ಇವೆರಡರಾಗ ಯಾವುದು ಚಲೋ, ನೀವ ಹೇಳಬೇಕು” ಎಂದು ಮಹಾರುದ್ರ ಕೇಳಿದ.

ಅಡಿವೆಪ್ಪ ಮಾಸ್ತರರು ಪಟ ತೆಗೆಯುವ ವಿದ್ಯೆ ಕಲಿಸುವವರು. ಮಹಾರುದ್ರನೂ ದಾನೇಶನೂ ಅವರ ಶಿಷ್ಯರು. ಅವರ ಊರಿನ ಕೆರೆ ಮುಚ್ಚಿ ಜಾಗ ಹೊಡೆಯಬೇಕೆಂದು ಲಾರಿ ಮಾಲಕನೊಬ್ಬ ದಿನವೂ ಅದಕ್ಕೆ ಮಣ್ಣು ತಂದು ಸುರಿಸುತ್ತಿದ್ದ. ಅದರ ಪಟಗಳನ್ನು ಶಿಷ್ಯರಿಬ್ಬರೂ ಸೇರಿ ತೆಗೆದು, ಪೇಟೆಯ ನಡುವೆ ಪ್ರದರ್ಶನಕ್ಕೆ ಇಡುವುದೆಂದು ಮಾತಾಗಿತ್ತು. ದಾನೇಶನ ಕ್ಯಾಮೆರಾ ದೂರದ್ದನ್ನು ಹತ್ತಿರಕ್ಕೆ ಎಳೆಯುವಂಥದ್ದು. ಮಹಾರುದ್ರನದು ಹತ್ತಿರದ್ದನ್ನು ಮಬ್ಬಿನಲ್ಲೂ ಚೆನ್ನಾಗಿ ನೋಡುವಂಥದ್ದು. ಯಾವ ಕ್ಯಾಮೆರಾದ ಪಟ ಮುಂದೆ ಇರಬೇಕು, ಯಾವುದರದು ಹಿಂದೆ ಎಂಬಲ್ಲಿ ಜಗಳ ಹತ್ತಿತು. ಇಬ್ಬರೂ ಮಾತು ಬಿಟ್ಟರು. ಪ್ರದರ್ಶನ ಅಲ್ಲಿಗೇ ನಿಂತಿತ್ತು.

ಶಿಷ್ಯನ ಪ್ರಶ್ನೆ ಕೇಳಿ ಮಾಸ್ತರರ ಮುಖ ಕೆಂಪಾಯಿತು. ಬೈಯುವುದಕ್ಕೆ ಬಾಯಿ ತೆರೆದರು, ಬೈಯಲಿಲ್ಲ. “ಕುಂದರು” ಎಂದು ಹೇಳಿ ಕತೆ ಆರಂಭಿಸಿದರು.

ಗುಡ್ಡದ ಬುಡದಲ್ಲಿ ಒಂದು ಊರು. ಅಲ್ಲಿ ಒಬ್ಬ ನೇಕಾರ ಹೆಂಗಸು ಇದ್ದಳು. ಮನೆಯ ಹಿಂಗೋಡೆಗೆ ಒತ್ತಿಕೊಂಡು ಅವಳ ಕೈಮಗ್ಗ. ಅವಳ ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಎಲ್ಲರ ಅನ್ನವೂ ಆ ಮಗ್ಗದಿಂದಲೇ ಹುಟ್ಟಬೇಕು.

ಗುಡ್ಡದ ಮೇಲೆ ಒಬ್ಬ ಸಾಹುಕಾರ ಕಲ್ಲಿನ ಕ್ವಾರಿ ನಡೆಸುತ್ತಿದ್ದ. ಅಲ್ಲಿ ಒಂದು ಗಡಿಕಲ್ಲು ನೆಟ್ಟಿದ್ದರು. ಗಡಿಕಲ್ಲಿನ ಆಚೆಗೆ ಅವನು ಎಷ್ಟಾದರೂ ಒಡೆಯಬಹುದು, ಊರ ಕಡೆಗೆ ಇಳಿಯಬಾರದು. ಸರಕಾರದ ಅಪ್ಪಣೆ ಇದ್ದದ್ದು ಅಷ್ಟಕ್ಕೆ. ಸಾಹುಕಾರ ಮೊದಲು ಗಡಿಕಲ್ಲಿನ ತನಕ ಬಂದ. ಆಮೇಲೆ ಸುತ್ತಲೂ ತಂತಿಬೇಲಿ ಹಾಕಿಸಿದ, ಬಾಗಿಲಿಗೆ ಕಾವಲಿಟ್ಟ, ಊರಿನವರು ಯಾರೂ ಕಾಲಿಡದ ಹಾಗೆ ಮಾಡಿದ. ಹೇಳುವವರು ಕೇಳುವವರು ಇಲ್ಲವೆಂದು ಗೊತ್ತಾದ ಮೇಲೆ ಗಡಿಕಲ್ಲು ದಾಟಿ ಊರ ಕಡೆಗೆ ಇಳಿದ.

ಅವನು ಮದ್ದು ಸಿಡಿಸಿದಾಗಲೆಲ್ಲ ಅವಳ ಮನೆ ನಡುಗುತ್ತಿತ್ತು. ಮಗ್ಗದಲ್ಲಿ ಎಳೆ ಹರಿಯುತ್ತಿತ್ತು. ಎಳೆ ಹರಿದರೆ ಗಂಟು ಹಾಕಬಹುದು, ಅದು ಅವಳ ದಿನದ ಕೆಲಸ. ಒಂದು ದಿನ ಗೋಡೆಯೇ ಬಿರುಕು ಬಿಟ್ಟಿತು. ಅವಳು ಕ್ವಾರಿಯ ಬಾಗಿಲಿಗೆ ಹೋಗಿ ಸಾಹುಕಾರನಿಗಾಗಿ ಕಾದು ನಿಂತಳು. ಅವನು ಬಂದು ಕೇಳಿಸಿಕೊಂಡು, ಹಳೆಯ ಮಣ್ಣಿನ ಗೋಡೆ, ಇಲಿ ಕೊರೆದಿರಬೇಕು ಎಂದು ಹೇಳಿ ಕಳಿಸಿಬಿಟ್ಟ.

ಇಲಿಯಂತೆ! ಮನೆಗೆ ಬಂದವಳೇ ನೂಲಿಗೆ ಹಾಕುವ ಗಂಜಿ ತೆಗೆದುಕೊಂಡಳು. ಬಿರುಕಿನ ಮೇಲೆ ಅಡ್ಡಡ್ಡವಾಗಿ, ಮೇಲಿನಿಂದ ಕೆಳಗಿನ ತನಕ ಕೆಂಪು ಎಳೆಗಳನ್ನು ಬಿಗಿಯಾಗಿ ಅಂಟಿಸಿದಳು. ಮುಂದಿನ ಸಲ ಮದ್ದು ಸಿಡಿದಾಗ ಎಳೆಗಳು ಪಟಪಟನೆ ಹರಿದವು. ಇಲಿ ಹೀಗೆ ಸಾಲು ಹಿಡಿದು ಕಡಿಯುತ್ತದೆಯೇ ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಓಣಿಯವರು ನೋಡಿ ಹೌದು ಹೌದು ಎಂದರು. ಹೌದೆಂದು ತಮ್ಮ ತಮ್ಮ ಮನೆಗೆ ಹೋದರು.

ಆ ಊರಿನಲ್ಲಿ ಪಟ ತೆಗೆಯುವವರು ಇಬ್ಬರಿದ್ದರು. ಒಬ್ಬನಿಗೆ ಕೆರೆಯ ಹಕ್ಕಿಗಳ ಹುಚ್ಚು. ಅವನ ಕ್ಯಾಮೆರಾ ಅಂಗೈಯಷ್ಟು ಸಣ್ಣದು. ಗುಂಡಿ ಒತ್ತಿದರೆ ಮೂತಿ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಏರಿಯ ಮೇಲೆ ನಿಂತರೆ ಕೆರೆಯ ನಡುಗಡ್ಡೆಯಲ್ಲಿ ಕೂತ ಹಕ್ಕಿಯ ಕಣ್ಣು ತೋರಿಸುತ್ತಿತ್ತು. ಮನೆಯೊಳಗಿನ ಮಬ್ಬಿಗೆ ತಂದರೆ ಮಾತ್ರ ರವೆ ಚೆಲ್ಲಿದ ಹಾಗೆ ಪಟವೆಲ್ಲ ಕಾಳುಕಾಳು. ಇನ್ನೊಬ್ಬ ಮನೆಮನೆಗೆ ಹೋಗಿ ಕೂಸುಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರದ ಪಟ ತೆಗೆಯುತ್ತಿದ್ದವನು. ಫ್ಲ್ಯಾಶ್ ಬೆಳಗಿದರೆ ಕೂಸು ಬೆಚ್ಚಿ ಅಳುತ್ತದೆ, ಮುದುಕಿಯರು ಶಾಪ ಹಾಕುತ್ತಾರೆ. ಅದಕ್ಕಾಗಿ ಅವನು ಕಡಿಮೆ ಬೆಳಕಿನಲ್ಲೂ ಚೆನ್ನಾಗಿ ಕಾಣುವ ಕ್ಯಾಮೆರಾ ಇಟ್ಟುಕೊಂಡಿದ್ದ. ಅದೂ ಅಂಗೈಯಷ್ಟೇ. ಹತ್ತಿರ ಹಿಡಿದರೆ ಕೂಸಿನ ರೆಪ್ಪೆಯ ಕೂದಲು ಎಣಿಸಬಹುದಿತ್ತು, ದೂರದ ಗುಡ್ಡಕ್ಕೆ ಹಿಡಿದರೆ ಗುಡ್ಡ ಹುಣಸೆಬೀಜದಷ್ಟಾಗುತ್ತಿತ್ತು. ಊರಿನವರು ಒಬ್ಬನನ್ನು ಹಕ್ಕಿಯವನು ಎಂದೂ, ಇನ್ನೊಬ್ಬನನ್ನು ತೊಟ್ಟಿಲಿನವನು ಎಂದೂ ಕರೆಯುತ್ತಿದ್ದರು.

ಅವಳು ಇಬ್ಬರನ್ನೂ ಕರೆಸಿದಳು. ಕರೆದ ಕೂಡಲೇ ಬಂದರು, ಆ ಮಾತು ಹೇಳಲೇಬೇಕು. ಹಕ್ಕಿಯವನು ಏರಿಯ ಮೇಲೆ ಹೋಗಿ, ಗುಡ್ಡ ಪಕ್ಕದಿಂದ ಕಾಣುವ ಹಾಗೆ ನಿಂತು, ಬೇಲಿಯಾಚೆಗಿನ ಪಟ ತೆಗೆದ. ಗಡಿಕಲ್ಲು ಬಂತು. ಅದನ್ನು ದಾಟಿ ಊರ ಕಡೆಗೆ ಇಳಿದು ನಿಂತಿದ್ದ ಕಲ್ಲು ಕೊರೆಯುವ ಯಂತ್ರವೂ ಬಂತು. ತೊಟ್ಟಿಲಿನವನು ಮನೆಯೊಳಗೆ ಹೋದ. ಫ್ಲ್ಯಾಶ್ ಹಾಕಿದ್ದರೆ ಗೋಡೆ ಬೆಳ್ಳಗಾಗಿ ಬಿರುಕು ಮುಚ್ಚಿಹೋಗುತ್ತಿತ್ತು. ಅವನು ಬಾಗಿಲಿನಿಂದ ಓರೆಯಾಗಿ ಬೀಳುವ ಬೆಳಕನ್ನೇ ಕಾದು ತೆಗೆದ. ಬಿರುಕಿನ ಆಳ ಬಂತು, ಹರಿದ ಕೆಂಪು ಎಳೆಗಳು ಬಂದವು. ಒಂದು ಪಟ ತಪ್ಪು ಮಾಡಿದವನನ್ನು ತೋರಿಸುತ್ತಿತ್ತು, ಇನ್ನೊಂದು ಅವನು ಮಾಡಿದ್ದನ್ನು ತೋರಿಸುತ್ತಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಅವಳ ಎದೆಯ ಭಾರ ಇಳಿಯಿತು. ಇನ್ನು ಸಾಹುಕಾರ ಜಾರಿಕೊಳ್ಳುವ ಹಾಗಿಲ್ಲ, ನನ್ನ ಗೋಡೆ ಉಳಿಯಿತು ಎಂದುಕೊಂಡಳು.

ಅವಳು ಕೊಟ್ಟ ದೂರು ವಿಚಾರಿಸಲು ಅಧಿಕಾರಿಯೊಬ್ಬ ಪಂಚಾಯತಿ ಕಟ್ಟಡಕ್ಕೆ ಬಂದ. ಊರು ನೆರೆಯಿತು. ಅಧಿಕಾರಿ ಎರಡೂ ಪಟಗಳನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಸಾಹುಕಾರನ ಕಡೆಗೆ ತಿರುಗಿ, ಇದಕ್ಕೆ ಏನು ಹೇಳುತ್ತೀರಿ ಎಂದು ಗಟ್ಟಿಯಾಗಿಯೇ ಕೇಳಿದ.

ಸಾಹುಕಾರ ಸಿಟ್ಟಾಗಲಿಲ್ಲ. ಇಲ್ಲ ಎಂದು ವಾದಿಸಲೂ ಇಲ್ಲ. ಎದ್ದು ಬಂದು ಎರಡೂ ಪಟಗಳನ್ನು ಕೈಗೆತ್ತಿಕೊಂಡು ತಲೆದೂಗಿದ.

“ಎಷ್ಟ ಚಲೋ ತಗದೀರಿ ತಮ್ಮಾ! ನಮ್ಮೂರಾಗ ಇಂಥಾವ್ರು ಅದಾರಂತ ನನಗ ಗೊತ್ತಿರಲಿಲ್ಲ. ನಾನೂ ಒಂದು ಕ್ಯಾಮೆರಾ ತಗೋಬೇಕಂತ ಮಾಡೀನಿ. ನಿಮ್ಮಿಬ್ಬರದ್ರಾಗ ಯಾವುದು ಚಲೋ? ಖರೇ ಹೇಳ್ರಿ.”

ಅವನು ಕೇಳಿದ್ದು ಅಷ್ಟೇ.

“ನಂದ ರೀ” ಎಂದ ಹಕ್ಕಿಯವನು. “ಅವನದು ಬಾಗಲಾ ದಾಟಿದ್ರ ಕುರುಡು.”

“ಕುರುಡಾದ್ರೂ ಸುಳ್ಳ ಹೇಳಂಗಿಲ್ಲ” ಎಂದ ತೊಟ್ಟಿಲಿನವನು. “ನಿಂದು ದೂರದ್ದನ್ನ ಎಳಕೊಂಡು ಎಲ್ಲಾ ಒತ್ತಿಬಿಡತೈತಿ. ಎಲ್ಲೋ ಹಿಂದ ಇದ್ದದ್ದು ಮುಂದಿದ್ದದ್ದಕ್ಕ ಹತ್ತಿ ನಿಂತಂಗ ಕಾಣತೈತಿ. ನಿನ್ನ ಪಟಾ ನೋಡಿ ಯಾವುದು ಎಷ್ಟು ದೂರ ಅಂತ ಯಾರರ ಹೇಳಲಿ ನೋಡೂಣು!”

“ನಿಂದ್ರಾಗ ಹತ್ತರ ಇದ್ದದ್ದೆಲ್ಲಾ ಉಬ್ಬತೈತಿ. ಕೂಸಿನ ಮೂಗು ಬದನೀಕಾಯಿ ಆಗಿರತೈತಿ. ಕೂದಲೆಳಿಯಂಥಾ ಬಿರುಕು ಬಾಗಲದಷ್ಟು ಕಾಣಬೇಕಂದ್ರ ನಿನ್ನ ಕ್ಯಾಮೆರಾನ ಬೇಕು!”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಹಕ್ಕಿಯವನು ಕಿಟಕಿಗೆ ಹೋಗಿ ದೂರದ ಆಲದ ಮರದ ಗೂಡನ್ನು ತೆಗೆದು ಎಲ್ಲರಿಗೂ ತೋರಿಸಿದ. ತೊಟ್ಟಿಲಿನವನು ಮೇಜಿನ ಕೆಳಗೆ ಬಗ್ಗಿ, ಕತ್ತಲಲ್ಲಿ ಕೂತ ಜೇಡವನ್ನು ತೆಗೆದು ಎಲ್ಲರಿಗೂ ತೋರಿಸಿದ. ನೆರೆದ ಜನ ಎರಡಾದರು. ಗೂಡು ನೋಡಿದವರು ಇದೇ ಚಲೋ ಎಂದರು, ಜೇಡ ನೋಡಿದವರು ಅದೇ ಚಲೋ ಎಂದರು. ಬಿರುಕಿನ ಪಟ ಮೇಜಿನ ಮೇಲೆ ಬಿದ್ದುಕೊಂಡಿತ್ತು, ಅದರ ಮೇಲೆ ಯಾರೋ ಚಹಾದ ಕಪ್ಪು ಇಟ್ಟಿದ್ದರು. ಅವಳು ಕೂಗಿದಳು, ನನ್ನ ಗೋಡೆಯ ಮಾತಾಡಿರಿ ಎಂದಳು. ಯಾರಿಗೂ ಕೇಳಿಸಲಿಲ್ಲ.

ಒಬ್ಬರ ಕ್ಯಾಮೆರಾ ಬಗ್ಗೆ ಇನ್ನೊಬ್ಬರು ಹೇಳಿದ್ದು ಸುಳ್ಳಲ್ಲ. ಆ ದೋಷ ಅದಕ್ಕಿತ್ತು, ಈ ದೋಷ ಇದಕ್ಕಿತ್ತು. ಆದರೆ ಅವಳ ಕೆಲಸಕ್ಕೆ ತೆಗೆದ ಪಟಗಳಿಗೆ ಆ ದೋಷ ತಟ್ಟಿರಲಿಲ್ಲ. ಹಕ್ಕಿಯವನು ಪಕ್ಕದಿಂದ ತೆಗೆದಿದ್ದ, ಎರಡೂ ಒಂದರ ಹಿಂದೊಂದಲ್ಲ, ಅಕ್ಕಪಕ್ಕ ಬಂದಿದ್ದವು, ಗಡಿಕಲ್ಲು ಎಲ್ಲಿ, ಯಂತ್ರ ಎಲ್ಲಿ ಎಂಬುದರಲ್ಲಿ ಮೋಸವಿರಲಿಲ್ಲ. ತೊಟ್ಟಿಲಿನವನ ಪಟದಲ್ಲಿ ಬಿರುಕಿನ ಪಕ್ಕದಲ್ಲೇ ನೂಲಿನ ಎಳೆ ಇತ್ತು, ಬಿರುಕಿನ ಅಳತೆ ತಿಳಿಯಲು ಬೇರೇನೂ ಬೇಡ. ಅದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರಲ್ಲಿ ಒಬ್ಬನ ಬಾಯಿಂದಲೂ ಆ ಮಾತು ಬರಲಿಲ್ಲ. ಇನ್ನೊಬ್ಬನ ಕ್ಯಾಮೆರಾವನ್ನು ಹೊಗಳಿದ ಹಾಗಾಗುತ್ತದಲ್ಲ! ಥೂ, ಇಂಥ ಪ್ರತಿಷ್ಠೆಗೆ ಬೆಂಕಿ ಹಾಕಬೇಕು.

ಅಧಿಕಾರಿ ಮೇಜು ಕುಟ್ಟಿ ಸುಮ್ಮನಾಗಿಸಿದ. “ದೂರದ ಪಟದಾಗ ಅಂತರ ನಂಬಂಗಿಲ್ಲ. ಹತ್ತರದ ಪಟದಾಗ ಅಳತಿ ನಂಬಂಗಿಲ್ಲ. ಹಿಂಗಂತ ನಾ ಹೇಳಿಲ್ಲ, ತೆಗದವ್ರು ನೀವ ಹೇಳೀರಿ” ಎಂದು ಎರಡೂ ಪಟಗಳನ್ನು ಹಿಂದಕ್ಕೆ ಕೊಟ್ಟ.

ಅವಳು ಮುಂದೆ ಬಂದು ನಿಂತಳು. “ಸಾಹೇಬ್ರ, ಅಂಗೈ ಹುಣ್ಣಿಗೆ ಕನ್ನಡಿ ಯಾಕ? ಇಲ್ಲೇ ಓಣ್ಯಾಗ ಮನಿ ಐತಿ. ಬಂದು ಗ್ವಾಡಿ ಮುಟ್ಟಿ ನೋಡ್ರಿ.”

ಅಧಿಕಾರಿ ಕೈಗಡಿಯಾರ ನೋಡಿದ. ಮುಂದಿನ ಸಲ ಬಂದಾಗ ನೋಡೋಣ ಎಂದ. ಸಾಹುಕಾರನ ಜೀಪು ಬಾಗಿಲಲ್ಲೇ ನಿಂತಿತ್ತು. ಅಧಿಕಾರಿ ಅದನ್ನೇ ಹತ್ತಿ ಕೂತ.

ಜೀಪು ಹೊರಡುವಾಗ ಪಟದವರಿಬ್ಬರೂ ಅದರ ಹಿಂದೆ ಓಡಿದರು. ಸಾವುಕಾರ್ರ, ಕಡೀಕ ಯಾವುದು ತಗೋತೀರಿ ಎಂದು ಕೇಳಿದರು. ಸಾಹುಕಾರ ನಕ್ಕು ತನ್ನ ಕಿಸೆ ತಟ್ಟಿ ತೋರಿಸಿದ. “ಯಾವುದೂ ಬ್ಯಾಡ ಬಿಡ್ರಪಾ. ನನಗ ಈ ಫೋನ ಸಾಕು.”

ಅವಳು ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದಳು. ಸಾಹುಕಾರನ ಮೇಲೆ ಅವಳಿಗೆ ಸಿಟ್ಟಿತ್ತು. ಆದರೆ ಅವನು ಯಾರು, ಎಂಥವನು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಕಳ್ಳ ಕನ್ನ ಹಾಕುವುದು ಹೊಸದೇನಲ್ಲ. ಕಾಯಲಿ ಎಂದು ಸಾಕಿದ ಎರಡು ನಾಯಿಗಳು ಕಳ್ಳ ಎಸೆದ ಒಂದೇ ರೊಟ್ಟಿಗೆ ಕಚ್ಚಾಡುತ್ತ ಕೂತರೆ ಯಾರ ಹತ್ತಿರ ಹೇಳಿಕೊಳ್ಳುವುದು? ಅದರಲ್ಲೂ ಆ ರೊಟ್ಟಿ ಕೂಡ ಇವರಿಗೆ ಸಿಗಲಿಲ್ಲ. ಅಳು ಬಂತು, ಸಿಟ್ಟಿಗೆ ಅಳುವೂ ಒಣಗಿತು. ಇಬ್ಬರೂ ಇನ್ನೂ ವಾದಿಸುತ್ತಲೇ ಅವಳ ಪಕ್ಕದಿಂದ ಇಳಿದು ಹೋದರು, ಅವಳ ಮುಖ ನೋಡಲಿಲ್ಲ.

ಅಧಿಕಾರಿಯ ‘ಮುಂದಿನ ಸಲ’ ಬರುವ ಮೊದಲೇ ಗೋಡೆ ಬಿತ್ತು. ಅವಳು ಆಗ ಬೀದಿಯಲ್ಲಿ ನೂಲು ಹಾಸಿ ಗಂಜಿ ಹಾಕುತ್ತಿದ್ದಳು. ಆ ಕೆಲಸಕ್ಕೆ ಮನೆಮಂದಿಯೆಲ್ಲ ಬೇಕು, ಗಂಡ, ಅತ್ತೆ, ಮಕ್ಕಳು ಉದ್ದಕ್ಕೂ ಎಳೆ ಹಿಡಿದು ನಿಂತಿದ್ದರು. ಅದರಿಂದ ಜೀವಗಳು ಉಳಿದವು. ಗುಡ್ಡದ ಮೇಲೆ ಮದ್ದು ಸಿಡಿಯಿತು, ಹಿಂಗೋಡೆ ಇಡಿಯಾಗಿ ಒಳಕ್ಕೆ ಮಗುಚಿತು. ಮಗ್ಗ ಮುರಿದು ಮಣ್ಣಿನಡಿ ಹೋಯಿತು. ಅರ್ಧ ನೇಯ್ದಿದ್ದ ಸೀರೆ ಅದರೊಳಗೇ ಇತ್ತು.

ಸದ್ದು ಕೇಳಿ ಊರು ಓಡಿ ಬಂತು. ಹಕ್ಕಿಯವನು ಬಂದ, ತೊಟ್ಟಿಲಿನವನು ಬಂದ. ಇಬ್ಬರ ಕೈಯಲ್ಲೂ ಕ್ಯಾಮೆರಾ ಇತ್ತು. ಹೊಸ್ತಿಲಲ್ಲಿ ನಿಂತು ನೋಡಿದರು. ಯಾವತ್ತೂ ಮಬ್ಬಾಗಿದ್ದ ಆ ಮನೆಯೊಳಗೆ ಬಿಸಿಲು ಸುರಿಯುತ್ತಿತ್ತು. ಗೋಡೆ ಇದ್ದ ಜಾಗದಲ್ಲಿ ಗುಡ್ಡ ಕಾಣುತ್ತಿತ್ತು. ಗಡಿಕಲ್ಲು ಕಾಣುತ್ತಿತ್ತು. ಈಚೆಗೆ ಇಳಿದು ನಿಂತ ಯಂತ್ರ, ಅದರ ಮೇಲೆ ಕೂತ ಆಳು, ಎಲ್ಲ ಬರಿಗಣ್ಣಿಗೇ ಕಾಣುತ್ತಿತ್ತು.

ಅವಳು ಮಣ್ಣಿನ ಗುಡ್ಡೆಯ ಮೇಲೆ ನಿಂತಿದ್ದಳು. ಕೈಯಲ್ಲಿ ಗಂಜಿ ಇನ್ನೂ ಆರಿರಲಿಲ್ಲ. ಇಬ್ಬರನ್ನೂ ನೋಡಿ ಕರೆದಳು.

“ಬರ್ರಿ ತಮ್ಮಾ, ಒಳಗ ಬರ್ರಿ. ಈಗ ಬೆಳಕು ಭಾಳ ಐತಿ. ಅಡ್ಡ ಇದ್ದ ಗ್ವಾಡೀನೂ ಹೋತು. ಇನ್ನ ಯಾವ ಕ್ಯಾಮೆರಾ ಆದ್ರೂ ನಡೀತೈತಿ. ತಗೀರಿ.”

ಇಬ್ಬರ ಕೈಯೂ ಮೇಲೆ ಏಳಲಿಲ್ಲ.

ಮಾಸ್ತರರು ಕತೆ ಮುಗಿಸಿದರು. ಅವರ ಸಿಟ್ಟು ಮುಗಿದಿರಲಿಲ್ಲ, ಮೀಸೆ ಅದುರುತ್ತಿತ್ತು. ಮಹಾರುದ್ರ ಮೆಲ್ಲಗೆ, “ಸಾಹುಕಾರ ಭಾರಿ ಶಾಣ್ಯಾ ಇದ್ದ ರೀ ಗುರುಗಳ. ಬರೇ ಒಂದು ಪ್ರಶ್ನಿ ಕೇಳಿ ಊರ ಬಾಯಿ ಮುಚ್ಚಿಸಿದ” ಎಂದ.

ಮಾಸ್ತರರು ಅವನ ಮುಖವನ್ನೇ ನೋಡುತ್ತ ಕೇಳಿದರು:

“ಯಾವುದು ಚಲೋ ಅಂತ ನಿಮ್ಮಿಬ್ಬರನ್ನ ಮೊದಲ ಕೇಳಿದಾವ ಯಾರು?”

“ಲಾರಿ ಮಾಲಕ ರೀ” ಎಂದ ಮಹಾರುದ್ರ, ದಾನೇಶನನ್ನು ಹುಡುಕಲು ಎದ್ದ.