ಗಂಜಿಯಿಲ್ಲದ ಕೋಟು

ಸೋಮನಾಳದ ಹಳ್ಳದ ದಂಡೆಯಲ್ಲಿ ಈಗಲೂ ಒಂದು ಬಿಳಿಯ ಒಗೆಯುವ ಬಂಡೆಯಿದೆ. ಪರಮಪೂಜ್ಯ ನೀಲವ್ವತಾಯಿಯವರು ಐವತ್ತು ವರ್ಷ ಬೆಳಗಾದರೆ ಅದರ ಮುಂದೆ ನಿಂತವರು. ಅವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ, ಮೈಮೇಲೆ ಕಾವಿಯೂ ಇರಲಿಲ್ಲ. ಬೇವಿನ ಮರದ ಕೆಳಗೆ ಒಂದು ಚಪ್ಪರ, ಮೂರು ಕಲ್ಲಿನ ಒಲೆ, ಬಟ್ಟೆ ಬೇಯಿಸುವ ಹಂಡೆ, ಗಂಜಿ ಕಾಯಿಸುವ ತಾಮ್ರದ ಕೊಡ, ಕೆಂಡ ತುಂಬುವ ಇಸ್ತ್ರಿ ಪೆಟ್ಟಿಗೆ, ಇಷ್ಟೇ ಅವರ ಆಸ್ತಿ. ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಅವರ ಎರಡೂ ಅಂಗೈಗಳು ಸದಾ ತಿಳಿನೀಲಿಯಾಗಿರುತ್ತಿದ್ದವು. ಆ ಕೈಯನ್ನು ತಲೆಯ ಮೇಲೆ ಇಡಿಸಿಕೊಳ್ಳಲು ಹತ್ತೂರಿನ ಜನ ಬರುತ್ತಿದ್ದರು. ತಾಯಿಯವರು ಮಾತ್ರ "ಕೈ ಹಸಿ ಅದ, ತಡಿಯಪ್ಪಾ" ಎಂದು ಸೆರಗಿಗೆ ಒರೆಸಿಕೊಂಡೇ ಇಡುತ್ತಿದ್ದರು.

ಅವರದೊಂದು ನೇಮವಿತ್ತು. ಬಟ್ಟೆಗೆ ಹಾಕುವ ಗಂಜಿಯನ್ನು ಅಡುಗೆಯಷ್ಟೇ ಶುಚಿಯಾಗಿ ಕಾಯಿಸಿ, ಮೊದಲ ಸೌಟನ್ನು ಶಿವನಿಗೆ ನೈವೇದ್ಯ ಮಾಡಿ, ಆಮೇಲೆ ಬಟ್ಟೆಗೆ ಕೊಡುತ್ತಿದ್ದರು. ಅಂಗಿ ಕೋಟುಗಳಿಗೂ ಪ್ರಸಾದವೇ ಎಂದು ಊರಿನ ಕೆಲವರು ನಗುತ್ತಿದ್ದರು. ಆ ನಗುವವರಲ್ಲಿ ಮುನ್ಸೀಫ ಕೋರ್ಟಿನ ಶಿರಸ್ತೇದಾರ ಕೋನೇರಿರಾಯರೂ ಒಬ್ಬರು. ಈ ಪ್ರಸಂಗ ಅವರದು.

ನನಗೆ ಇದನ್ನು ಹೇಳಿದವರು ರಾಯರ ಮೊಮ್ಮಗಳು ಅಂಬಾಬಾಯಿಯವರು. ಈಗ ಎಂಬತ್ತು ದಾಟಿದ ಹಿರಿಯರು. ಇದೆಲ್ಲ ನಡೆದಾಗ ಅವರಿಗೆ ಎರಡು ವರ್ಷ, ಅದರಲ್ಲೂ ಮುಖ್ಯವಾದದ್ದೆಲ್ಲ ನಡೆಯುವಾಗ ನಿದ್ದೆಯಲ್ಲಿದ್ದರು. ಆದರೂ ತಮ್ಮಷ್ಟು ಚೆನ್ನಾಗಿ ಇದನ್ನು ಬಲ್ಲವರಿಲ್ಲ ಎಂದು ಅವರ ವಾದ. ಅವರೊಂದಿಗೆ ವಾದ ಮಾಡುವ ಧೈರ್ಯ ನನಗಿಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಹತ್ತು ವರ್ಷ ಮುಂಚಿನ ಮಾತು. ಆ ವರ್ಷ ಕೋರ್ಟಿಗೆ ಮೇಲಿನಿಂದ ಒಂದು ಹುಕುಂ ಬಂತು. ಸಿಬ್ಬಂದಿಯವರೆಲ್ಲ ಮುಚ್ಚುಗೊರಳಿನ ಬಿಳಿ ಕೋಟು ತೊಟ್ಟೇ ಬರತಕ್ಕದ್ದು, ಕೋಟಿಗೆ ಗಂಜಿ ಹಾಕಿರತಕ್ಕದ್ದು, ಕೊರಳಿನ ಹುಕ್ಕು ಕೆಲಸ ಮುಗಿಯುವ ತನಕ ಬಿಚ್ಚತಕ್ಕದ್ದಲ್ಲ. ಹುಕುಂ ಬರೆದವರು ಯಾವ ತಂಪು ಊರಿನಲ್ಲಿ ಕುಳಿತು ಬರೆದರೋ! ಸೋಮನಾಳದಲ್ಲಿ ಶಿವರಾತ್ರಿ ಕಳೆಯಿತೆಂದರೆ ಕಲ್ಲಿನ ಮೇಲೆ ಕಾಲಿಡುವಂತಿಲ್ಲ. ಉಳಿದ ಹತ್ತು ಮಂದಿ ಗುಮಾಸ್ತರು ಮುನ್ಸೀಫ ಸಾಹೇಬರು ಅತ್ತ ತಿರುಗಿದಾಗ ಹುಕ್ಕು ಬಿಚ್ಚುವರು, ಇತ್ತ ತಿರುಗಿದಾಗ ಹಾಕುವರು. ರಾಯರು ಹಾಗಲ್ಲ. ನೇಮನಿಷ್ಠರು. ಕೋಟನ್ನು ಮನೆಯಲ್ಲಿಯೂ ದೀಪ ಹಚ್ಚುವ ತನಕ ತೆಗೆಯುತ್ತಿರಲಿಲ್ಲ, ಯಾವಾಗ ಕರೆ ಬರುವುದೋ ಎಂದು. ಆ ಕೋಟಿನಲ್ಲಿ ಅವರು ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ದೇವರಿಗೆ ಕೈಮುಗಿದರೂ ತಲೆ ಬಗ್ಗುತ್ತಿರಲಿಲ್ಲ. ಕೊರಳ ಸುತ್ತ ಬೆವರುಸಾಲೆ ಎದ್ದು, ಗಂಜಿಯ ಅಂಚು ಅದನ್ನು ಕೊಯ್ದು, ರಕ್ತ ಬರುತ್ತಿತ್ತು. ಯಾರಿಗೂ ಹೇಳಿದವರಲ್ಲ.

ಅದಕ್ಕಿಂತ ದೊಡ್ಡದೊಂದು ನೋವನ್ನೂ ಅವರು ಯಾರಿಗೂ ಹೇಳಿರಲಿಲ್ಲ. ಮಗಳು ಎರಡನೆಯ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಜೊತೆಗೆ ಬಂದ ಹಿರಿಯ ಕೂಸೇ ಅಂಬಾ. ಕೂಸು ಎಲ್ಲರ ತೋಳಿಗೂ ಹಾರುತ್ತಿತ್ತು, ಹಾಲಿನವಳ ಸೊಂಟವನ್ನೂ ಏರುತ್ತಿತ್ತು. ಅಜ್ಜ ಎತ್ತಿಕೊಂಡರೆ ಮಾತ್ರ ಚಿಟ್ಟನೆ ಚೀರಿ ಕೆಳಗೆ ಇಳಿಯುತ್ತಿತ್ತು. ರಾಯರು ದಿನಾ ಕಲ್ಲುಸಕ್ಕರೆ ತಂದರು. ಕೂಸು ಕೈ ಚಾಚುತ್ತಿತ್ತು, ಎತ್ತಿಕೊಂಡೊಡನೆ ಅಳುತ್ತಿತ್ತು, ಕಲ್ಲುಸಕ್ಕರೆ ಕಿಸೆಯಲ್ಲಿಯೇ ಉಳಿಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಕೂಸು ಮಲಗಿಬಿಡುತ್ತಿತ್ತು. "ನಿಮ್ಮ ಮುಖಾ ನೋಡಿ ಅಂಜತದ್ರೀ ಅದು" ಎಂದು ಹೆಂಡತಿ ಪದ್ಮಾಬಾಯಿಯವರು ನಕ್ಕರು. ರಾಯರು ನಗಲಿಲ್ಲ. ಮರುದಿನ ಕನ್ನಡಿಯ ಮುಂದೆ ನಿಂತು ತಮ್ಮ ಮುಖವನ್ನು ಬಹಳ ಹೊತ್ತು ನೋಡಿಕೊಂಡರಂತೆ. ಇನ್ನು ಹದಿನೈದು ದಿನಕ್ಕೆ ಮಗಳು ಗಂಡನ ಮನೆಗೆ ಹೊರಡುವವಳು. ಅಷ್ಟರೊಳಗೆ ಒಮ್ಮೆಯಾದರೂ ಆ ಕೂಸು ತಮ್ಮ ಹೆಗಲ ಮೇಲೆ ತಲೆಯಿಡಲಿ ಎಂಬುದೊಂದೇ ಅವರ ಆಸೆಯಾಗಿತ್ತು.

ಹೀಗಿರುವಾಗ ಜಿಲ್ಲಾ ಜಡ್ಜ ಸಾಹೇಬರು ತಪಾಸಣೆಗೆ ಬರುವರೆಂದು ಸುದ್ದಿ ಬಂತು. ಹನ್ನೊಂದು ಕೋಟುಗಳೂ ತಪಾಸಣೆಯ ಹಿಂದಿನ ದಿನ, ರವಿವಾರ, ಹಳ್ಳಕ್ಕೆ ಹೋದವು. ಗಂಜಿ ತೆಳ್ಳಗಾಗಬಾರದೆಂದು ರಾಯರು ತಮ್ಮ ಮನೆಯಿಂದಲೇ ಒಂದು ಚೀಲ ನುಚ್ಚಕ್ಕಿ ಕಳಿಸಿದರು. ನಮ್ಮದು ಜೋಳದ ಸೀಮೆ. ಅಕ್ಕಿಯ ಗಂಜಿಯೆಂದರೆ ಬಡವರಿಗೆ ಹಬ್ಬ. ಕೋಟುಗಳು ಮಾತ್ರ ವಾರವಾರವೂ ಹಬ್ಬ ಮಾಡುತ್ತಿದ್ದವು.

ಸಂಜೆಯಾಗುತ್ತ ಬಂದರೂ ಕೋಟುಗಳು ಬಾರದಿರಲು ರಾಯರು ತಾವೇ ಹಳ್ಳಕ್ಕೆ ಹೊರಟರು. ಅಲ್ಲಿಗೆ ಅವರು ಅದೇ ಮೊದಲು ಕಾಲಿಟ್ಟದ್ದು. ನೋಡಿದರೆ ಕೋಟುಗಳು ಹಗ್ಗದ ಮೇಲೆ ತೊಳೆದ ಹಾಗೆಯೇ ಮೆತ್ತಗೆ ತೂಗುತ್ತಿವೆ. ತಾಮ್ರದ ಕೊಡ ಬೋರಲು ಬಿದ್ದಿದೆ. ಬೇವಿನ ನೆರಳಿನಲ್ಲಿ ನಲವತ್ತು ಮಂದಿ ಶ್ರೀಶೈಲದ ಯಾತ್ರಿಕರು, ಬಾತ ಕಾಲುಗಳನ್ನು ಚಾಚಿ, ತೃಪ್ತಿಯಿಂದ ಮಲ್ಲಯ್ಯನ ಹಾಡು ಹೇಳುತ್ತ ಕುಳಿತಿದ್ದಾರೆ.

"ನೀಲೀ!" ಎಂದರು ರಾಯರು. ಊರೆಲ್ಲ ಅವ್ವನವರು ಎನ್ನುತ್ತಿದ್ದ ತಾಯಿಯವರನ್ನು ಅವರು ಏಕವಚನದಲ್ಲಿಯೇ ಕರೆಯುತ್ತಿದ್ದದ್ದು. "ಗಂಜಿ ಎಲ್ಲೆ?"

ತಾಯಿಯವರು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದರು. ತಲೆಯೆತ್ತಿ ಪ್ರಸನ್ನವಾಗಿ ನಕ್ಕರು. "ಉಂಡ್ರೀ ರಾಯರ. ದಾರಿ ತಪ್ಪಿ ಬಂದಿದ್ರು, ಎರಡ ದಿನದ ಹಸಿವು. ಉಪ್ಪು ಹಾಕಿ ಬಡಿಸಿದೆ. ಕೋಟಿಗೆ ಉಳೀಲಿಲ್ಲ."

"ಕೋಟಿಗೆ ಉಳೀಲಿಲ್ಲ!" ಎಂದರು ರಾಯರು. ಮತ್ತೆ ಗಂಜಿ ಕಾಯಿಸಿ, ಅದ್ದಿ, ಒಣಗಿಸೋಣವೆಂದರೆ ಬಿಸಿಲು ಮುಗಿದಿತ್ತು. "ನಾಳೆ ಸಾಹೇಬರ ಮುಂದ ನನ್ನ ಮಾನ ಹೋತಲ್ಲ! ಯಾರ ಅಕ್ಕಿ ಯಾರಿಗೆ ಬಡಿಸಿದಿ ನೀನು?"

ಆ ಮಾತು ಕೇಳಿ ಯಾತ್ರಿಕರಲ್ಲಿದ್ದ ಒಬ್ಬ ಮುದುಕಿ ಕಷ್ಟಪಟ್ಟು ಎದ್ದು ಬಂದಳು. ಬೈಗುಳ ಅವಳ ಕಿವಿಗೆ ಬೈಗುಳವಾಗಿ ಬಿದ್ದಿರಲೇ ಇಲ್ಲ. "ನೀವೇನ್ರೀ ಎಪ್ಪಾ ಆ ಅಕ್ಕಿ ಕಳಿಸಿದ ಧಣ್ಯಾರು? ಅವ್ವನವರು ನಿಮ್ಮ ಹೆಸರು ಹೇಳೇ ಬಡಿಸಿದ್ರು. ನಿಮ್ಮ ಹೊಟ್ಟಿ ತಣ್ಣಗಿರಲಿ. ಮೊಮ್ಮಕ್ಕಳು ನಿಮ್ಮ ಹೆಗಲ ಬಿಟ್ಟು ಇಳೀದಂಗ ಆಗಲಿ" ಎಂದು ಕೈಯೆತ್ತಿ ಹರಸಿದಳು.

ರಾಯರ ಸಿಟ್ಟು ಅಲ್ಲಿಯೇ ಕುಸಿಯಿತು. ಯಾರೋ ಪರಊರಿನ ಮುದುಕಿ, ಹೋಗಿ ಹೋಗಿ ಆ ಹುಣ್ಣನ್ನೇ ಮುಟ್ಟಬೇಕೇ! ಇಪ್ಪತ್ತಾರು ವರ್ಷ ಶಿರಸ್ತೇದಾರಿಕೆ ಮಾಡಿದ ಆ ಗಂಡಸಿನ ಬಾಯಿಂದ ತಾನಾಗಿ ಮಾತು ಜಾರಿತು. "ನನ್ನ ಮೊಮ್ಮಗಳು ನನ್ನ ಹತ್ತರ ಬರೂದೇ ಇಲ್ಲ ತಾಯೀ."

ನೀಲವ್ವತಾಯಿಯವರು ಕೆಂಡದ ಚಿಮಟ ಕೆಳಗಿಟ್ಟರು. ಚಪ್ಪರದ ಮೂಲೆಯಿಂದ ಒಂದು ಮುತ್ತುಗದೆಲೆಯ ಪೊಟ್ಟಣ ತಂದು ಬಿಚ್ಚಿ ತೋರಿಸಿದರು. ತುಂಬ ಕಲ್ಲುಸಕ್ಕರೆ. "ವಾರಾ ವಾರಾ ನಿಮ್ಮ ಕಿಸೆದಾಗ ಸಿಗತಾವರೀ. ಕೂಸಿನ ಪಾಲಂತ ತೆಗೆದಿಟ್ಟೀನಿ" ಎಂದರು. ಆಮೇಲೆ ಹಗ್ಗದ ಮೇಲಿನ ರಾಯರ ಕೋಟನ್ನು ಇಳಿಸಿ, ಕೊರಳ ಪಟ್ಟಿಯನ್ನು ಹೊರಮಗ್ಗಲಾಗಿ ಮಡಚಿ ಹಿಡಿದರು. ಎಷ್ಟು ತಿಕ್ಕಿದರೂ ಹೋಗದ ರಕ್ತದ ಕಂದು ಕಲೆ ಅಲ್ಲಿ ಸಾಲಾಗಿ ಕೂತಿತ್ತು.

"ನಿಮ್ಮ ಕೊರಳಿಗೆ ಚುಚ್ಚಿದ್ದು ಕೂಸಿನ ಗಲ್ಲಕ್ಕ ಚುಚ್ಚೂದಿಲ್ಲೇನ್ರೀ?"

ಅಷ್ಟೇ ಅಪ್ಪಣೆಯಾದದ್ದು. ರಾಯರು ಆ ಪಟ್ಟಿಯನ್ನು ಮುಟ್ಟಿ ನೋಡಿದರು. ತಿಂಗಳೊಪ್ಪತ್ತಿನಿಂದ ತಮ್ಮ ಮುಖವನ್ನು, ತಮ್ಮ ದನಿಯನ್ನು, ಹಿಂದಿನ ಜನ್ಮದ ಕರ್ಮವನ್ನು ಕೂಡ ದೂರಿಕೊಂಡಿದ್ದರು. ಕೋಟಿನ ಕಡೆಗೆ ಅವರ ಲಕ್ಷ್ಯ ಹೋಗಿರಲೇ ಇಲ್ಲ. ಊರಿನವರ ಬಟ್ಟೆ ಒಗೆಯುವ ಕೈ ಊರಿನವರ ಒಳಗನ್ನೂ ಓದುತ್ತಿತ್ತೆಂದು ಆಗ ಅವರಿಗೆ ತಿಳಿಯಿತು. ಆದರೂ ಹಳೆಯ ಭಯ ಬಿಡಬೇಕಲ್ಲ.

"ನಾಳೆ ಸಾಹೇಬರು ಬರತಾರ..." ಎಂದರು ಮೆಲ್ಲಗೆ.

"ಸಾಹೇಬರಿಗೂ ಕೊರಳು ಅದ" ಎಂದರು ತಾಯಿಯವರು. ಶಿವನಾಮ ಹೇಳುತ್ತ ಹನ್ನೊಂದು ಕೋಟುಗಳನ್ನೂ ಗಂಜಿಯಿಲ್ಲದೆಯೇ ಇಸ್ತ್ರಿ ಮಾಡಿ ಮಡಚಿ, ಕಲ್ಲುಸಕ್ಕರೆಯ ಪೊಟ್ಟಣವನ್ನು ಮೇಲಿಟ್ಟು ಕೊಟ್ಟರು.

ಮರುದಿನ ಹತ್ತೂವರೆಗೆ ರಾಯರು ಆ ಕೋಟು ತೊಟ್ಟರು. ಹಳೆಯ ಸೀರೆಯಷ್ಟು ಮೆತ್ತಗಿತ್ತು. ಪಡಸಾಲೆಯಲ್ಲಿ ಅಂಬಾ ಒಬ್ಬಳೇ ಆಕಳಿಸುತ್ತ ಕೂತಿದ್ದಳು, ಹೊಸ ತಮ್ಮನ ಅಳು ಕೇಳಿ ಅವಳಿಗೆ ನಿದ್ದೆಯೇ ಆಗಿರಲಿಲ್ಲ. ರಾಯರು ಅಂಜುತ್ತಂಜುತ್ತ ಎತ್ತಿಕೊಂಡರು. ಕೂಸು ಮೊದಲು ರೂಢಿಯಂತೆ ಮೈ ಬಿಗಿ ಹಿಡಿಯಿತು, ಬಾಯಿ ಅಳಲು ಸಿದ್ಧವಾಯಿತು. ಗಲ್ಲ ಕೋಟಿಗೆ ತಾಗಿತು. ಕೂಸು ತಲೆಯೆತ್ತಿ ಅಜ್ಜನನ್ನು ನೋಡಿತು. ಮತ್ತೊಮ್ಮೆ ಗಲ್ಲವನ್ನು ತಾಗಿಸಿ ಪರೀಕ್ಷೆ ಮಾಡಿತು. ಆಮೇಲೆ ಒಂದು ಮುಷ್ಟಿಯಲ್ಲಿ ಕೊರಳ ಪಟ್ಟಿಯನ್ನು ಹಿಡಿದು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು, ಹೆಗಲ ಮೇಲೆ ತಲೆಯಿಟ್ಟು ಅದನ್ನು ಚೀಪುತ್ತ ಚೀಪುತ್ತ ಮಲಗಿಬಿಟ್ಟಿತು. ಪದ್ಮಾಬಾಯಿಯವರು ಹೊರಗೆ ಬಂದು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಯರಿಗೆ ಆ ಉಪಾಯವೂ ಇರಲಿಲ್ಲ, ಎರಡೂ ಕೈ ತುಂಬಿತ್ತು.

ಹನ್ನೊಂದಕ್ಕೆ ಕೋರ್ಟಿನ ಗಂಟೆಯಾಯಿತು. ಕೂಸನ್ನು ತೊಟ್ಟಿಲಿಗೆ ಹಾಕಹೋದರೆ ಪಟ್ಟಿ ಬಿಡಲೊಲ್ಲದು, ನಿದ್ದೆಯಲ್ಲೇ ಬಿಕ್ಕುತ್ತದೆ. ಎರಡು ಸಲ ಪ್ರಯತ್ನಿಸಿದರು. ಮೂರನೆಯ ಸಲ ಪ್ರಯತ್ನಿಸಲು ಮನಸ್ಸೇ ಬರಲಿಲ್ಲ. ಕೂಸನ್ನು ಹೊತ್ತುಕೊಂಡೇ ಓಣಿ ದಾಟಿ ಕೋರ್ಟಿಗೆ ನಡೆದರು.

ಜಡ್ಜ ಸಾಹೇಬರು ಸ್ಥೂಲಕಾಯರು, ದೊಡ್ಡ ದನಿಯವರು. ಮೋಟಾರಿನಿಂದ ಇಳಿದು ಒಳಗೆ ಬಂದರು. ಹನ್ನೊಂದು ಮೆತ್ತನೆಯ ಕೋಟುಗಳು ಸಾಲಾಗಿ ನಿಂತಿದ್ದವು, ಒಂದರ ಮೇಲೆ ಒಂದು ಕೂಸು. ಸಾಹೇಬರು "ಇದೇನು..." ಎಂದು ಗುಡುಗಲು ಬಾಯಿ ತೆರೆದದ್ದೇ ತಡ, ಅಂಬಾ ಅಲುಗಿದಳು. ಜೀವಮಾನದಲ್ಲಿ ಒಬ್ಬ ಅಧಿಕಾರಿಗೂ ಎದುರಾಡದ ಕೋನೇರಿರಾಯರು ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದರು.

ಆಶ್ಚರ್ಯವೆಂದರೆ ಸಾಹೇಬರು ಸುಮ್ಮನಾದರು. ಆ ತಪಾಸಣೆಯೆಲ್ಲ ಪಿಸುಮಾತಿನಲ್ಲಿ ನಡೆಯಿತು. ಕಡತ ಕೇಳಿದ್ದು ಪಿಸುಮಾತಿನಲ್ಲಿ, ಕೊಟ್ಟದ್ದು ತುದಿಗಾಲಿನಲ್ಲಿ. ಕೂಗಿದರೆ ಸಂತೆಪೇಟೆಗೆ ಕೇಳಿಸುವಂಥ ಗಂಟಲಿನ ಚಪರಾಸಿ ಕೂಡ ಕಕ್ಷಿದಾರರ ಹೆಸರನ್ನು ಗುಟ್ಟು ಹೇಳುವಂತೆ ಹೇಳಿದ. ಹೊರಗೆ ಕೂತವರಿಗೆ ಒಂದೂ ಕೇಳಿಸದೆ, ಒಬ್ಬೊಬ್ಬರನ್ನೂ ಕೈಹಿಡಿದು ಕರೆತರಬೇಕಾಯಿತು.

ಕೊನೆಗೆ ಸಾಹೇಬರು ರಾಯರ ತೋಳಿನ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. "ಗಂಜಿ?" ಎಂದು ಪಿಸುಗುಟ್ಟಿದರು.

"ಹಸಿದವರು ಉಂಡ್ರೀ ಸರಕಾರ" ಎಂದರು ರಾಯರು, ಅಷ್ಟೇ ಮೆಲ್ಲಗೆ. ಸುಳ್ಳು ಹೇಳುವ ಯೋಚನೆಯೇ ಅವರಿಗೆ ಬರಲಿಲ್ಲ.

ಸಾಹೇಬರು ತಮ್ಮ ಕೊರಳ ಪಟ್ಟಿಯೊಳಗೆ ಒಂದು ಬೆರಳು ತೂರಿಸಿ, ಒಮ್ಮೆ ಮುಖ ಕಿವಿಚಿ, ಹುಕ್ಕು ಬಿಚ್ಚಿಕೊಂಡರು. ಒಂದು ದೀರ್ಘ ನಿಟ್ಟುಸಿರು ಬಂತು. ಹಿಂದೆಯೇ ಮುನ್ಸೀಫರ ಹುಕ್ಕು, ಅದರ ಹಿಂದೆ ಸಾಲು ಹಿಡಿದು ಎಲ್ಲರ ಹುಕ್ಕುಗಳೂ ಬಿಚ್ಚಿದವು. ತಪಾಸಣೆಯ ಟಿಪ್ಪಣಿಯಲ್ಲಿ ಸಾಹೇಬರು ಬರೆದದ್ದು ಇಷ್ಟೇ: "ಸಿಬ್ಬಂದಿಯ ಉಡುಪು ಶುಭ್ರವಾಗಿದೆ." ಅಂದಿನಿಂದ ಆ ಕೋರ್ಟಿನಲ್ಲಿ ಗಂಜಿಯ ಮಾತನ್ನು ಯಾರೂ ಎತ್ತಲಿಲ್ಲ. ರಾಯರ ಮನೆಯ ನುಚ್ಚಕ್ಕಿ ಮಾತ್ರ ಅವರು ಬದುಕಿರುವ ತನಕ ವಾರವಾರವೂ ಹಳ್ಳದ ದಂಡೆಗೆ ಬರುತ್ತಿತ್ತು. ಒಂದು ಕಾಳೂ ಬಟ್ಟೆಗೆ ಹೋಗಲಿಲ್ಲ.

ಆ ಮಧ್ಯಾಹ್ನ ರಾಯರು ಮನೆಗೆ ಹೋಗದೆ ನೇರವಾಗಿ ಹಳ್ಳಕ್ಕೆ ಬಂದರು. ಕೂಸು ಹೆಗಲ ಮೇಲೆಯೇ ಇತ್ತು. ತಾಯಿಯವರು ಮೊಣಕಾಲುದ್ದ ನೀರಿನಲ್ಲಿ ನಿಂತು ಯಾರದೋ ಕಂಬಳಿ ಜಾಲಿಸುತ್ತಿದ್ದರು.

"ಅವ್ವನವರ..." ಎಂದರು ರಾಯರು. ದೇವರ ಮುಂದೆಯೂ ಬಗ್ಗದೆ ಬಿಗಿದುಕೊಂಡಿದ್ದ ಆ ಕೊರಳು ಬಗ್ಗಿತು, ಬೆನ್ನು ಬಗ್ಗಿತು, ಹಸಿ ಮಳಲಿನ ಮೇಲೆ ದೀರ್ಘದಂಡ ಹಾಕಲು ಮೊಣಕಾಲು ಊರಹೋದರು.

ತಾಯಿಯವರು ನೀಲಿ ಕೈಯೆತ್ತಿ ತಡೆದರು. "ಬಗ್ಗಬ್ಯಾಡ್ರೀ ರಾಯರ. ಕೂಸು ಎದ್ದೀತು."

ರಾಯರು ನಿಂತೇ ಅತ್ತರು, ಅಳುತ್ತಲೇ ನಕ್ಕರು. ತಾಯಿಯವರು ದಂಡೆಗೆ ಬಂದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಜ್ಜನ ತಲೆಯ ಮೇಲೊಮ್ಮೆ, ಮೊಮ್ಮಗಳ ತಲೆಯ ಮೇಲೊಮ್ಮೆ ಇಟ್ಟರು.

ಇಷ್ಟು ಹೇಳಿ ಮುಗಿಸಿದ ಅಂಬಾಬಾಯಿಯವರನ್ನು ನಾನು ಕೇಳಿದೆ, ಮೋಟಾರು, ಗಂಟೆ, ಹಳ್ಳದ ಸದ್ದು, ಇಷ್ಟೆಲ್ಲ ಆದರೂ ನಿಮಗೆ ಎಚ್ಚರವಾಗಲಿಲ್ಲವೇ ಎಂದು. ಅವರು ಅತ್ತಿತ್ತ ನೋಡಿ, ಆ ಕೋರ್ಟಿನವರಂತೆಯೇ ಪಿಸುಗುಟ್ಟಿದರು.

"ಅವ್ವನವರು ತಲಿ ಮ್ಯಾಲೆ ಕೈ ಇಟ್ಟಾಗ ಎಚ್ಚರಾಗಿತ್ತಪಾ. ಕಣ್ಣು ತೆರೀಲಿಲ್ಲ. ತೆರೆದ್ರ ಅಜ್ಜಾ ಕೆಳಗ ಇಳಿಸಿಬಿಡತಿದ್ರಲ್ಲ!"