ಮೂರು ಎಣಿಸುವಷ್ಟು ಬಿಸಿ

“ಬುದ್ಧಿ, ನಾನು ತಾಳಿಕೊಳ್ಳುವಷ್ಟನ್ನೇ ಹೊಸಬರಿಂದಲೂ ಕೇಳುತ್ತೇನೆ. ಗುಲಗಂಜಿಯಷ್ಟೂ ಹೆಚ್ಚಿಲ್ಲ. ಆದರೂ ಅವರು ಏಕೆ ನಿಲ್ಲುವುದಿಲ್ಲ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಮರುಳಯ್ಯ. ಮಠಕ್ಕೆ ಬಂದ ಹೊಸಬರಿಗೆ ಪಾಠ, ಉಪವಾಸ, ಮೌನ ಕಲಿಸುವ ಹೊಣೆ ಇಪ್ಪತ್ತು ವರ್ಷಗಳಿಂದ ಅವನದು. ಆ ವರ್ಷ ಏಳು ಮಂದಿ ಬಂದಿದ್ದರು. ಐವರು ಹೇಳದೆ ಕೇಳದೆ ಹೊರಟುಹೋಗಿದ್ದರು. ಉಳಿದ ಇಬ್ಬರ ಮುಖದಲ್ಲಿ ಕಳೆಯಿರಲಿಲ್ಲ. ಮರುಳಯ್ಯನಿಗೆ ಅದರಿಂದ ನಿಜವಾಗಿಯೂ ನೋವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ಮಂಜಿಷ್ಠದ ಬೇರನ್ನು ಕುಟ್ಟಿ, ನೀರಿನಲ್ಲಿ ಕಾಯಿಸಿ, ಆ ರಸದಿಂದ ಮದುವೆ ಸೀರೆಯ ನೂಲಿಗೆ ಕೆಂಪು ಹಾಕುವುದು ಅವನ ಕಸುಬು. ನೀರು ತಣ್ಣಗಿದ್ದರೆ ಬೇರು ಬಣ್ಣ ಬಿಡುವುದಿಲ್ಲ. ಕುದಿಸಿಬಿಟ್ಟರೆ ಕೆಂಪಿನ ಹಿಂದೆಯೇ ಬೇರಿನೊಳಗಿನ ಕಂದು ಬಣ್ಣವೂ ಇಳಿದು ಎಲ್ಲವನ್ನೂ ಮಂಕು ಮಾಡುತ್ತದೆ. ಅದಕ್ಕೆ ಅವನ ತಂದೆ ಒಂದು ಅಳತೆ ಹೇಳಿಕೊಟ್ಟಿದ್ದ. ಹಂಡೆಯಲ್ಲಿ ಕೈ ಅದ್ದಿ ಮೂರು ಎಣಿಸು. ಮೂರಕ್ಕೆ ಮೊದಲೇ ಕೈ ಹಿಂದೆ ಬಂದರೆ ಉರಿ ಹೆಚ್ಚು. ಮೂರಾದ ಮೇಲೂ ಇಡಬಹುದಾದರೆ ಉರಿ ಸಾಲದು.

ಬಣ್ಣಗಾರ ಮೂವತ್ತು ವರ್ಷ ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಆದರೂ ಅವನ ಕೆಂಪು ವರ್ಷದಿಂದ ವರ್ಷಕ್ಕೆ ಮಂಕಾಗುತ್ತ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಬಾವಿಯ ನೀರನ್ನು ಬೈದು ಹೊಳೆಯ ನೀರು ತರಿಸಿದ. ಬೇರು ಮಾರುವವನನ್ನು ಸಂತೆಯಲ್ಲಿ ಹತ್ತು ಜನರ ಎದುರು ಮೋಸಗಾರ ಎಂದ. ಬಣ್ಣ ಮಾತ್ರ ಹಾಗೆಯೇ ಉಳಿಯಿತು.

ಕೊನೆಗೆ ನೂಲಿನ ವ್ಯಾಪಾರಿ ಬಂದ. “ಇದು ಮದಿವಿ ಸೀರಿ ಕೆಂಪಲ್ಲ, ತುಕ್ಕಿನ ಬಣ್ಣ. ಇನ್ನೊಂದು ಹಂಡೆ ನೋಡ್ತೀನಿ. ಅದೂ ಹಿಂಗ ಬಂದ್ರ ನಾ ಬ್ಯಾರೆ ಮನಿ ನೋಡಬೇಕಾಗ್ತದ” ಎಂದು ಹೇಳಿ ಹೋದ.

ತನ್ನೊಂದಿಗೇ ಕಸುಬು ಮುಗಿಯಿತೇನೋ ಎಂದು ಬಣ್ಣಗಾರನಿಗೆ ಭಯವಾಯಿತು. ಕೊನೆಯ ಹಂಡೆಯನ್ನು ಒಲೆಗೆ ಏರಿಸಿದ. ಮನೆಗೆ ಹೊಸದಾಗಿ ಬಂದ ಸೊಸೆಯನ್ನು ಕರೆದು, ನೀನಾದರೂ ಅಳತೆ ಕಲಿತುಕೋ ಎಂದ. ತಾನು ಕೈ ಅದ್ದಿ ಮೂರು ಎಣಿಸಿ ತೋರಿಸಿದ. ಸೊಸೆ ಅದ್ದಿದಳು. ಒಂದು ಎನ್ನುವಷ್ಟರಲ್ಲಿ ಕೈ ಹಿಂದಕ್ಕೆಳೆದುಕೊಂಡಳು. ಬೆರಳುಗಳು ಬಿಸಿಗೆ ಕೆಂಪಗಾಗಿದ್ದವು.

“ಹೂವಿನಂಥಾ ಕೈ. ಬಣ್ಣದ ಮನ್ಯಾಗ ಇದು ನಡಿಯೂದಿಲ್ಲವ್ವಾ” ಎಂದ ಬಣ್ಣಗಾರ.

ಸೊಸೆ ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡು ಕೇಳಿದಳು: “ಮಾವಾರ, ನೀವು ಮೊದಲನೇ ಸಲ ಹಂಡ್ಯಾಗ ಕೈ ಅದ್ದಿದಾಗ ನಿಮ್ಮ ಕೈ ಹಿಂಗ ಇತ್ತೇನ್ರಿ?”

ಬಣ್ಣಗಾರ ತನ್ನ ಅಂಗೈ ನೋಡಿಕೊಂಡ. ಅದು ಹಳೆಯ ಕೆರದ ಅಟ್ಟೆಯಂತೆ ದಡ್ಡುಗಟ್ಟಿತ್ತು. ಉಗುರಿನಿಂದ ಗೀರಿದ. ಗೀರಿದ್ದೇ ತಿಳಿಯಲಿಲ್ಲ.

ಅವನು ಹಳೆಯ ರಸವನ್ನು ಚೆಲ್ಲಿ, ಹೊಸ ನೀರು, ಹೊಸ ಬೇರು ಹಾಕಿದ. ಸೊಸೆಯ ಕೈ ಸರಿಯಾಗಿ ಮೂರರವರೆಗೆ ನಿಲ್ಲುವಂತೆ ಒಲೆಯಿಂದ ಒಂದೊಂದೇ ಕೊಳ್ಳಿಯನ್ನು ಹೊರಗೆಳೆದ. ಆ ಹಂಡೆಯಲ್ಲಿ ಅವನ ತಂದೆಯ ಕಾಲದ ಕೆಂಪು ಇಳಿಯಿತು. ಮನೆಯವರೆಲ್ಲ ಹಿಗ್ಗಿದರು. ಅವನೊಬ್ಬ ಹಿಗ್ಗಲಿಲ್ಲ. ಎಷ್ಟು ಬೇರು ಹಾಳು ಮಾಡಿದೆ ಎಂದು ನೊಂದುಕೊಂಡ. ಆ ಸಂಜೆಯೇ ಬೇರು ಮಾರುವವನ ಮನೆಗೆ ಹೋಗಿ, ತಪ್ಪಾಯಿತು ಎಂದು ಕೈ ಮುಗಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕೇಳಿದ:

“ಬುದ್ಧಿ, ಹಾಗಾದರೆ ಅವನ ತಂದೆ ಹೇಳಿಕೊಟ್ಟ ಅಳತೆಯೇ ತಪ್ಪೇ?”

“ಅಳತೆ ಸರಿಯಾಗಿಯೇ ಇತ್ತು. ಎಲ್ಲಿ, ನಿನ್ನ ಕೈ ಇತ್ತ ಕೊಡು, ನೋಡೋಣ.”